ತುಪ್ಪ ಬೇಡವೆಂದ ಹುಡುಗ

ಪಂಜ ಊರಿನ ಹುಡುಗ ಹಾಲು, ಮೊಸರು, ತುಪ್ಪ, ಜೇನು ಯಾವುದನ್ನೂ ಮುಟ್ಟುವುದಿಲ್ಲ, ಚರ್ಮದ ಚಪ್ಪಲಿಯನ್ನೂ ಹಾಕುವುದಿಲ್ಲ ಎಂದು ಮದುವೆ ಬ್ರೋಕರ್ ಫೋನಿನಲ್ಲಿ ಹೇಳಿದಾಗ ಅಪ್ಪ ಶುಗರ್ ಇರಬೇಕೆಂದರು. ಏನೋ ಹರಕೆ ಇರಬೇಕೆಂದು ವಾಸಂತಿ ಅತ್ತೆ. ನನ್ನನ್ನು ಯಾರೂ ಕೇಳಲಿಲ್ಲ. ಶಾಲೆ ಬಿಟ್ಟಂದಿನಿಂದ ಬೆಳಗಾದರೆ ನಮ್ಮ ದನದ ಹಟ್ಟಿಯ ಸೆಗಣಿ ಬಾಚುವವಳು ನಾನು. ಹಾಲೇ ಬೇಡದ ಮನೆಯಲ್ಲಿ ಹಟ್ಟಿ ಯಾಕಿರುತ್ತದೆ? ಮುಖ ನೋಡುವ ಮೊದಲೇ ಮನಸ್ಸಿನಲ್ಲಿ ಒಪ್ಪಿಬಿಟ್ಟೆ.

ಭಾನುವಾರ ಆ ಹುಡುಗ, ಶ್ರೀಶ, ತಾಯಿಯೊಂದಿಗೆ ನನ್ನನ್ನು ನೋಡಲು ನಮ್ಮೂರು ಬೆಟ್ಟಂಪಾಡಿಗೆ ಬಂದ. ಅತ್ತೆ ಅವನಿಗಾಗಿ ಕಾಯಿಹಾಲಿನ ಪಾಯಸ ಮಾಡಿದ್ದರು. ಅಲ್ಲಿಯವರೆಗೆ ಎಲ್ಲ ಸರಿ. ಆದರೆ ನಮ್ಮಲ್ಲಿ ಎಲೆಯ ಅನ್ನದ ಮೇಲೆ ಒಂದು ಹನಿ ತುಪ್ಪ ಬೀಳದೆ ಊಟ ಶುರುವಾಗುವುದಿಲ್ಲ. ಪಂಕ್ತಿಯಲ್ಲಿ ಒಬ್ಬರಿಗೆ ಬೀಳದಿದ್ದರೆ ಎಲ್ಲರೂ ಕಾಯಬೇಕು.

ಶ್ರೀಶ ಎರಡೂ ಕೈ ಅಡ್ಡ ಹಿಡಿದ. ಶಾಸ್ತ್ರಕ್ಕೆ ಒಂದೇ ಹನಿ ಎಂದು ಅತ್ತೆ ಚಮಚವನ್ನು ಎಡಕ್ಕೆ ತಂದರು. ಕೈಗಳೂ ಎಡಕ್ಕೆ ಹೋದವು. ಬಲಕ್ಕೆ ತಂದರೆ ಬಲಕ್ಕೆ. ಅಪ್ಪನ ಎಲೆಯಲ್ಲಿ ಸಾರು ಆರುತ್ತಿತ್ತು.

"ನೋಡಿ ಮಾರಾಯ್ರೆ, ತುಪ್ಪ ಬೀಳದ ಪಂಕ್ತಿಯಲ್ಲಿ ನಾನು ಉಣ್ಣುದಿಲ್ಲ," ಎಂದರು ಅಪ್ಪ.

ಹುಡುಗನ ತಾಯಿ ಬ್ಯಾಗಿನ ಕಡೆ ನೋಡಿದರು. ಹಟ್ಟಿಯಿಲ್ಲದ ನನ್ನ ಮನೆ ಕಣ್ಣೆದುರೇ ಎದ್ದು ಹೊರಟಿತ್ತು. ನಾನು ಒಳಗೆ ಓಡಿ ತೆಂಗಿನೆಣ್ಣೆ ತಂದು ಅವನ ಅನ್ನಕ್ಕೆ ಒಂದು ಹನಿ ಬಿಟ್ಟೆ. ಅವನು ಕೈ ತೆಗೆದ. ಅಪ್ಪ ಎಣ್ಣೆಯನ್ನು ನೋಡಿದರು, ನನ್ನನ್ನು ನೋಡಿದರು, ಕೊನೆಗೆ ಸಾರನ್ನು ನೋಡಿದರು.

"ಹನಿ ಬಿತ್ತಲ್ಲ. ಉಣ್ಣುವ."

ಪಾಯಸದ ಹೊತ್ತಿಗೆ ಹುಡುಗನ ತಾಯಿ ಧೈರ್ಯವಾಗಿ ಮಾತಿಗೆ ತೊಡಗಿದರು. ಮಗ ಒಂದು ದನವನ್ನೂ ಮಾರಲು ಬಿಡುವುದಿಲ್ಲವಂತೆ. ಹೋರಿ ಕರು, ಮುದಿ ದನ ಎಲ್ಲವೂ ಅಲ್ಲೇ. ಬೇರೆಯವರು ಬಿಟ್ಟದ್ದನ್ನೂ ತಂದು ಕಟ್ಟುತ್ತಾನಂತೆ.

"ಹಾಲು ಕರುಗಳಿಗೆ. ನಮಗೆ ಬರೀ ಸೆಗಣಿ. ಹಟ್ಟಿಯಲ್ಲಿ ಈಗ ಹದಿನಾಲ್ಕು ಉಂಟು."

ಪಾಯಸದ ಪಾತ್ರೆ ಹಿಡಿದುಕೊಂಡೇ ಹದಿನಾಲ್ಕು ದನಗಳ ಸೆಗಣಿ ಎಷ್ಟು ಬುಟ್ಟಿ ಎಂದು ಲೆಕ್ಕ ಹಾಕತೊಡಗಿದೆ. ಅದೇ ಹೊತ್ತಿಗೆ ಅಪ್ಪ ಮೊದಲ ಬಾರಿಗೆ ನನ್ನ ಕಡೆ ತಿರುಗಿ, ಎಂತ ಹೇಳ್ತಿ ಎಂದು ಕೇಳಿದರು. ಎಲ್ಲರೂ ಕಾದರು. ಬಂದವರೆದುರು ನಾನು ಮಾತಾಡಿದ್ದೇ ಇಲ್ಲ. ನೆಲ ನೋಡುತ್ತ ಕೇಳಿದೆ.

"ಸೆಗಣಿ ಬಾಚುದು ಯಾರು?"

ಅತ್ತೆ ಕಣ್ಣು ಮುಚ್ಚಿಕೊಂಡರು.

"ನಾನೇ," ಎಂದ ಶ್ರೀಶ. "ಬೇರೆಯವರು ಬಾಚಿದ್ರೆ ನಂಗೆ ಸರಿಯಾಗುದಿಲ್ಲ."

ಬಾಯಿಮಾತು ಯಾರಾದರೂ ಆಡಬಹುದು. ಅವನ ಎಡಗೈ ನೋಡಿದೆ. ಎಷ್ಟು ತಿಕ್ಕಿದರೂ ಹೋಗದ ಸೆಗಣಿಯ ಹಸಿರು ಉಗುರಿನ ಸಂದಿಯಲ್ಲಿತ್ತು.

ಅವನ ಎಲೆಗೆ ಇನ್ನೊಂದು ಸೌಟು ಪಾಯಸ ಬಡಿಸಿದೆ.