ದ್ವಾದಶಿಯ ರಕ್ತ

ಬರುವ ವಿಜಯದಶಮಿಯ ಅಕ್ಷರಾಭ್ಯಾಸಕ್ಕೆ ಅಕ್ಕಿಯ ಹರಿವಾಣದ ಮುಂದೆ ನಿರ್ಮಲ ಟೀಚರನ್ನು ಕೂರಿಸಬಾರದೆಂದು ಎರ್ನಾಕುಲಂನ ಕನ್ನಡ ಸಂಘ ಜೂನ್ ತಿಂಗಳಲ್ಲೇ ತೀರ್ಮಾನಿಸಿತು. ಅದನ್ನು ತಿಳಿಸಲು ತ್ರಿಪ್ಪುಣಿತ್ತುರದ ಮನೆಗೆ ಬಂದವರು ಸಂಘದ ಕಾರ್ಯದರ್ಶಿ ಸುಮಂತ್, ಬೆಂಗಳೂರಿನಿಂದ ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿ.

“ನೀವು ಸ್ಟೇಜ್ ಮೇಲೆ ಕುರ್ಚೀಲಿ ಕೂತಿರಿ ಮೇಡಂ, ಶಾಲು ಹೊದಿಸ್ತೀವಿ. ಮಕ್ಕಳ ಕೈ ಹಿಡಿದು ಬರೆಸೋದು ಬೇರೆಯವ್ರು ಮಾಡ್ತಾರೆ. ಹೋದ್ವರ್ಷ ಅನ್ವಿತಾ ಅನ್ನೋ ಮಗೂಗೆ ಒಂದೇ ಅಕ್ಷರಾನ ಮತ್ತೆ ಮತ್ತೆ ಬರೆಸಿದ್ರಲ್ಲ... ವಯಸ್ಸು ನೋಡಿ, ಯಾರನ್ನೂ ಬಿಡಲ್ಲ.”

“ಬಟ್ಟೆ ಹೊದಿಸುವುದು ಹೆಣಕ್ಕೂ ಉಂಟು,” ಎಂದರು ನಿರ್ಮಲ.

ಆತ ಹೇಳಿದ್ದು ಸುಳ್ಳಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಹೆಸರುಗಳು ಜಾರುತ್ತಿದ್ದವು, ಓದಿದ್ದು ನಿಲ್ಲುತ್ತಿರಲಿಲ್ಲ. ಅದಕ್ಕೆ ಮನೆಯವರೂ ಹೊರಗಿನವರೂ ಒಂದೇ ಸ್ವರದಲ್ಲಿ “ವಯಸ್ಸು” ಎನ್ನುತ್ತಿದ್ದರು. ಕಾರಣ ಹುಡುಕಲು ಮೈಗಳ್ಳತನ ಮಾಡುವವರು ಬಾಗಿಲಿಗೆ ಜಡಿಯುವ ಬೀಗದ ಹೆಸರು ಅದು. ಜೀವನವಿಡೀ ದಡ್ಡ ಎಂಬ ಪದವನ್ನು ತರಗತಿಯೊಳಗೆ ಬಿಟ್ಟುಕೊಳ್ಳದ ನಿರ್ಮಲರಿಗೆ ಇದೂ ಅದೇ ಜಾತಿಯ ಪದವೆಂದು ತೋರಿತು.

ಆ ವಾರವೇ, ಬ್ಯಾಂಕ್ ಇನ್‌ಸ್ಪೆಕ್ಟರಾಗಿ ನಿವೃತ್ತರಾದ ಗಂಡ ರತ್ನಾಕರರನ್ನು ಹೊರಡಿಸಿಕೊಂಡು ತಿರುವನಂತಪುರದ ರೈಲು ಹತ್ತಿದರು. ಮಗಳು ಗ್ರೀಷ್ಮಾ ಅಲ್ಲಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ವಿಜ್ಞಾನಿ. ಮುದಿ ಇಲಿಗಳ ರಕ್ತದಲ್ಲಿ ಸಕ್ಕರೆ ಏರಿ, ಮೈಯಲ್ಲಿ ಉರಿಯೂತ ಬೇರೂರಿದಾಗ ಅವುಗಳ ಕಲಿಕೆ ಹೇಗೆ ಕುಂದುತ್ತದೆ ಎಂಬುದೇ ಅವಳ ಅಧ್ಯಯನ.

“ಇಲಿ ದಾರಿ ಮರೆತರೆ ನೀನು ಎಂತ ಮಾಡ್ತೀ?”

“ರಕ್ತ ನೋಡ್ತೇನೆ, ಅಮ್ಮ.”

“ಅಮ್ಮ ಮರೆತರೆ ಫೋನಲ್ಲೇ ವಯಸ್ಸಾಯ್ತು ಅಂತ ಹೇಳ್ತೀ. ನಾನು ಇಲಿಯಾಗಿ ಹುಟ್ಟಬೇಕಿತ್ತು ಮಾರಾಯ್ತಿ.”

ಮರುದಿನವೇ ಗ್ರೀಷ್ಮಾ ಅವರನ್ನು ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರ್ ಜುಬೈದಾ ಬಾಯಿ ತೆರೆಸಿ ನೋಡಿದರು: ಒಸಡು ಊದಿ ಕೀವು ಕಟ್ಟಿತ್ತು. ರಕ್ತಪರೀಕ್ಷೆಯಲ್ಲಿ ಮೂರು ತಿಂಗಳ ಸಕ್ಕರೆಯ ಸರಾಸರಿಯೂ ಏರಿ ಕೂತಿತ್ತು.

ರತ್ನಾಕರರು ಒಪ್ಪಲಿಲ್ಲ. “ಸಾಧ್ಯವೇ ಇಲ್ಲ! ನಾನು ತಪ್ಪದೆ ಪರೀಕ್ಷೆ ಮಾಡಿಸ್ತೇನೆ. ಯಾವಾಗಲೂ ಸರಿಯೇ ಉಂಟು. ಹಾಗಾಗಿಯೇ ಇವಳ ಸಕ್ಕರೆಯ ಮಾತ್ರೆ ನಿಲ್ಲಿಸಿದ್ದು.”

“ಯಾವ ದಿನ ಮಾಡಿಸ್ತೀರಿ ಅಪ್ಪ?”

“ದ್ವಾದಶಿ ಬೆಳಿಗ್ಗೆ. ಹೇಗೂ ಏಕಾದಶಿ ಉಪವಾಸ ಇರ್ತಾಳಲ್ಲ. ಖಾಲಿ ಹೊಟ್ಟೆ ಬೇಕು ಅಂತ ಇನ್ನೊಂದು ದಿನ ಯಾಕೆ ಹಸಿಯಬೇಕು?”

ಗ್ರೀಷ್ಮಾ ಹಣೆ ಚಚ್ಚಿಕೊಂಡಳು. ಇಡೀ ದಿನ ಅನ್ನ ಮುಟ್ಟದ ದೇಹದ ರಕ್ತ ಉಳಿದ ದಿನಗಳ ಕಥೆ ಹೇಳೀತೇ?

ನಿರ್ಮಲ ಗಂಡನತ್ತ ತಿರುಗಿದರು. “ಇನ್‌ಸ್ಪೆಕ್ಷನ್ ದಿನ ಮಾತ್ರ ಎಲ್ಲ ಸರಿ ಇರುವ ಬ್ರಾಂಚಿನ ಮ್ಯಾನೇಜರಿಗೆ ನೀವು ಎಂತ ಮಾಡ್ತಿದ್ದಿರಿ?”

“ಸಸ್ಪೆಂಡ್,” ಎಂದರು ರತ್ನಾಕರರು ನೆಲ ನೋಡುತ್ತ.

“ಸಕ್ಕರೆ ಒಸಡನ್ನು ಕೆಡಿಸುತ್ತದೆ, ಕೆಟ್ಟ ಒಸಡು ಸಕ್ಕರೆಯನ್ನು ಏರಿಸುತ್ತದೆ,” ಜುಬೈದಾ ಮಲಯಾಳದಲ್ಲಿ ವಿವರಿಸಿದರು. “ಮೈಯೊಳಗೆ ಹೀಗೆ ಬೂದಿ ಮುಚ್ಚಿದ ಕೆಂಡವಿದ್ದರೆ ಮಿದುಳಿಗೂ ಅದರ ಬಿಸಿ ತಟ್ಟಬಹುದು. ಮರೆವಿಗೆ ಇದೊಂದೇ ಕಾರಣ ಎನ್ನಲಾರೆ ಟೀಚರ್. ಚಿಕಿತ್ಸೆ ಮಾಡೋಣ. ಸ್ವಲ್ಪ ಮರಳೀತು, ಎಲ್ಲವೂ ಅಲ್ಲ.”

ಒಸಡು ವಾಸಿಯಾಯಿತು. ಮಾತ್ರೆ, ನಡಿಗೆ, ಅಳತೆಯ ಊಟ ನಡೆದವು. ಮಳೆಗಾಲ ಕಳೆಯುವ ಹೊತ್ತಿಗೆ ಓದಿದ್ದು ಒಂದಿಷ್ಟು ನಿಲ್ಲತೊಡಗಿತು. ಹೆಸರುಗಳು ಮಾತ್ರ ಇನ್ನೂ ಸತಾಯಿಸುತ್ತಿದ್ದವು.

ವಿಜಯದಶಮಿಯಂದು ನಿರ್ಮಲ ವೇದಿಕೆಯ ಕುರ್ಚಿಯನ್ನು ದಾಟಿ ಹೋಗಿ ಹರಿವಾಣದ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು.

“ಮೇಡಂ, ಕಮಿಟಿ ತೀರ್ಮಾನ ಆಗ್ಬಿಟ್ಟಿದೆ,” ಸುಮಂತ್ ಬಗ್ಗಿ ಪಿಸುಗುಟ್ಟಿದರು.

“ಟೀಚರಿಗೆ ಯಾಕೆ ಹೀಗಾಗ್ತಾ ಉಂಟು ಅಂತ ಕಮಿಟಿಯಲ್ಲಿ ಒಬ್ಬರಾದರೂ ಕೇಳಿದಿರಾ? ಇಲ್ಲವಲ್ಲ. ಸರಿಯಿರಿ ಆಚೆ.”

ಮೊದಲ ಮಗು ಬಂದು ಹೆಸರು ಹೇಳಿ ಕೂತಿತು. ಅದರ ಬೆರಳು ಹಿಡಿದು ‘ಅ’ ಬರೆಸಿದರು. ಹೆಸರು ಹಿಡಿದು ಹರಸಬೇಕೆಂದರೆ ಅದು ಹಾರಿಹೋಗಿತ್ತು. ಬಲ್ಲವರಂತೆ ಕೆಲವರು ಮುಖ ಮುಖ ನೋಡಿಕೊಂಡರು. ನಿರ್ಮಲರ ಕಿವಿ ಕೋಪದಿಂದ ಬಿಸಿಯಾಯಿತು.

“ಹೆಸರು ಮರೆತೆ ಮಗೂ. ಇನ್ನೊಮ್ಮೆ ಹೇಳು,” ಎಂದರು ಎಲ್ಲರಿಗೂ ಕೇಳುವಂತೆ.

“ನೇರತ್ತೆ ಪರಞ್ಞಲ್ಲೋ!” ಆಗಲೇ ಹೇಳಿದೆನಲ್ಲ ಎಂದು ಮಗು ಮಲಯಾಳದಲ್ಲಿ ಮುನಿಸಿಕೊಂಡಿತು. “ಚಿನ್ಮಯ್.”

“ಹೌದು, ಹೇಳಿದ್ದಿ. ನಾಳೆ ಈ ಅಕ್ಷರವನ್ನು ನೀನೂ ಮರೀತೀ. ಆಗ ನಿನ್ನನ್ನು ನಾನು ಕುರ್ಚಿಗೆ ಕಳಿಸುವುದಿಲ್ಲ, ಮತ್ತೆ ಬರೆಸ್ತೇನೆ. ಒಳ್ಳೆದಾಗಲಿ ಚಿನ್ಮಯ್.”

ಅಕ್ಕಿಯನ್ನು ಅಂಗೈಯಿಂದ ಸಮಮಾಡಿದರು. “ಸುಮಂತ್, ಸುಮ್ಮನೆ ನಿಂತದ್ದು ಸಾಕು. ಇನ್ನೊಂದು ಮಗುವನ್ನು ಕಳಿಸಿ.”