ಆರು ಎಳೆಯ ಹಾಸು

ಚೀಲದ ಜಿಪ್ ಎಳೆದ ಕಲೈವಾಣಿ ಗಿಟಾರನ್ನು ಅರ್ಧಕ್ಕೇ ಹೊರತೆಗೆದು ನಿಂತಳು. ನಿನ್ನೆ ಕೆಲಸಕ್ಕೆ ಹೋಗುವ ಮುಂಚೆ ಗಿಟಾರನ್ನು ಒಳಗಿಟ್ಟಾಗ ಅದರ ತಂತಿಗಳೆಲ್ಲ ಬಟ್ಟೆ ಒಣಹಾಕುವ ಹಗ್ಗದಂತೆ ಜೋತುಬಿದ್ದಿದ್ದವು. ಬೇಕೆಂದೇ ಹಾಗೆ ಬಿಟ್ಟಿದ್ದಳು. ಈಗ ಆರೂ ಸೆಟೆದು ನಿಂತಿದ್ದವು. ದಪ್ಪ ತಂತಿಗೆ ಹೆಬ್ಬೆರಳು ತಾಗಿಸಿದಳು. ಕತ್ತು ಹಿಸುಕಿಸಿಕೊಂಡ ಪ್ರಾಣಿಯ ಹಾಗೆ ಕೂಗಿತು. ತೀರಾ ಸಣ್ಣ ತಂತಿ ತುಂಡಾಗಿತ್ತು. ತುಂಡಾದಲ್ಲಿ ಯಾರೋ ಜರಿ ಎಳೆಗಳನ್ನು ಹೊಸೆದು, ಗಂಟು ಹಾಕಿ, ಮತ್ತೆ ಜೋಡಿಸಿದ್ದರು. ಅಷ್ಟು ಸಣ್ಣ ಗಂಟು ಹಾಕಬಲ್ಲವರು ಆ ಮನೆಯಲ್ಲಿ ಒಬ್ಬರೇ.

"ಅಪ್ಪಾ!"

ವಿಶ್ವನಾಥನ್ ಮಗ್ಗದ ಕುಣಿಯಿಂದ ಎದ್ದು, ಪಂಚೆಗೆ ಕೈ ಒರೆಸಿಕೊಳ್ಳುತ್ತ ಬಂದ. ಉಡುಗೊರೆ ಕೊಟ್ಟವನು ಅದನ್ನು ಬಿಚ್ಚಿ ನೋಡುವವರ ಮುಖ ನೋಡುತ್ತಾನಲ್ಲ, ಹಾಗೆ ನೋಡಿದ.

"ನೋಡ್ದ್ಯಾ ನನ್ ಕಣ್ಣೇ? ನಾನೇ ಬಿಗಿ ಮಾಡಿಕ್ಕಿದೆ. ಎಲ್ಲಾ ತೊಳತೊಳ ಅಂತಿತ್ತು. ಇಂಟರ್ವ್ಯೂಗೆ ಅಂಗೇ ಎತ್ಕಂಡು ಓದ್ರೆ ನಗಾಡ್ತಾರೆ ಕಣವ್ವಾ."

"ಯಾರಪ್ಪಾ ನಿಂಗೆ ಮುಟ್ಟು ಅಂದೋರು?"

"ಯಾಕೆ, ಸರಿಯಾಗೇ ಐತಲ್ಲ. ಬೇಕಾರೆ ಕೈ ಆಡ್ಸಿ ನೋಡು. ಒಂದು ಎಳೆ ಬಿಗಿ ಒಂದು ಎಳೆ ಸಡ್ಲ ಇಲ್ಲ."

ಅವನು ಹೇಳಿದ್ದು ನಿಜವೇ. ಮಗ್ಗಕ್ಕೆ ಹಾಸು ಹೂಡಿದಾಗ, ಆ ಮನೆಯವರ ಮಾತಿನಲ್ಲಿ ಪಾವು, ವಿಶ್ವನಾಥನ್ ಅದರ ಮೇಲೆ ಅಂಗೈ ಎಳೆದುಕೊಂಡು ಹೋಗುತ್ತಾನೆ. ಎಲ್ಲಿ ಒಂದು ಎಳೆ ಮೆತ್ತಗೆ ಸಿಕ್ಕಿತೋ ಅಲ್ಲಿ ನಿಂತು ಬಿಗಿಯುತ್ತಾನೆ. ಅಂಗೈಗೆ ಎಲ್ಲ ಎಳೆಯೂ ಒಂದೇ ಸಮ ಅನ್ನಿಸುವ ತನಕ ಲಾಳಿ ಮುಟ್ಟುವುದಿಲ್ಲ. ಸೇಲಂನ ಗುಗೈಯ ಕನ್ನಡ ನೇಕಾರರ ಕೇರಿಯಲ್ಲಿ ಅವನ ಸೀರೆಯ ಅಂಚು ಸೊಟ್ಟಗಾಯಿತೆಂದು ಹೇಳಿದವರಿಲ್ಲ. ನಿನ್ನೆ ಸಂಜೆ ಮಗಳ ಚೀಲ ತೆರೆದು ನೋಡಿದ್ದಾನೆ, ಸಡಿಲು ಬಿದ್ದ ಆರು ಎಳೆ ಕಂಡಿವೆ, ಮನಸ್ಸು ತಡೆದಿಲ್ಲ. ಒಂದು ಅಂಚಿನಿಂದ ಶುರುಮಾಡಿ ಬಿರಡೆಗಳನ್ನು ತಿರುಗಿಸುತ್ತ ಹೋಗಿದ್ದಾನೆ. ದಪ್ಪ ತಂತಿಯೂ ಸಣ್ಣ ತಂತಿಯೂ ಅಂಗೈಗೆ ಒಂದೇ ಗಟ್ಟಿ ಅನ್ನಿಸುವವರೆಗೆ.

ಕಲೈವಾಣಿ ಗಿಟಾರನ್ನು ಕಣ್ಣಿನ ಮಟ್ಟಕ್ಕೆತ್ತಿ, ಬಂದೂಕಿನ ಗುರಿ ನೋಡುವಂತೆ ಕತ್ತಿನುದ್ದಕ್ಕೂ ನೋಡಿದಳು. ಕತ್ತು ಬಿಲ್ಲಾಗಿತ್ತು. ಒಳಗೆ ಕಬ್ಬಿಣದ ಸರಳಿಲ್ಲದ ಅಗ್ಗದ ಗಿಟಾರು ಅದು. ಕತ್ತು ಬುರುಡೆಗೆ ಕೂಡುವ ಕಡೆ ಬೇಸಿಗೆಯಲ್ಲೇ ಬಿರುಕು ಬಿಟ್ಟಿತ್ತು. ವಾದ್ಯ ರಿಪೇರಿಯ ಪೊನ್ನುಸ್ವಾಮಿ ಅಂಟು ಹಾಕಿ ಕೊಡುವಾಗ ಹೇಳಿದ್ದ: ಬಾರಿಸೋ ದಿನ ಬೆಳಿಗ್ಗೆವರೆಗೆ ತಂತಿ ಸಡಿಲ ಇರಲಿ. ಏರಿಸುವಾಗ ಒಂದನ್ನೇ ಪೂರ್ತಿ ಏರಿಸಬೇಡಮ್ಮಾ, ನಡುವಿನ ಎರಡು ಒಂಚೂರು, ಆಮೇಲೆ ಪಕ್ಕದವು ಒಂಚೂರು, ಆಮೇಲೆ ಅಂಚಿನವು. ಮತ್ತೆ ಮೊದಲಿಂದ. ಮರಕ್ಕೆ ಉಸಿರಾಡೋಕೆ ಬಿಡು.

ಆ ಅಂಟಿನ ಗೆರೆ ಈಗ ಬಾಯಿ ತೆರೆದಿತ್ತು. ಕೂದಲೆಳೆಯಷ್ಟೇ, ಆದರೆ ಉಗುರು ಸಿಕ್ಕಿಕೊಳ್ಳುತ್ತಿತ್ತು.

ಅಮ್ಮ ಪೂಂಗೊಡಿ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಬೆಳಿಗ್ಗೆ ಬೆಳಿಗ್ಗೆ ಏನೇ ಅದು ಅಳಾಟ? ಮರದ ತುಂಡಿಗೆ. ಪಟ್ಟರೆಗೆ ಫೋನ್ ಮಾಡಿ ಬತ್ತೀನಿ ಅಂದ್ಬುಡು, ಒಂದಿನದ ಕೂಲಿನಾರೂ ಉಳೀತೈತೆ."

ಪಟ್ಟರೆ ಎಂದರೆ ಬೆಳ್ಳಿ ಕಾಲ್ಗೆಜ್ಜೆ ಮಾಡುವ ಕಾರ್ಖಾನೆ. ಕಲೈವಾಣಿ ಅಲ್ಲಿ ಊದುಗೊಳವೆ ಹಿಡಿದು ಕೊಂಡಿಗಳಿಗೆ ಬೆಸುಗೆ ಹಾಕುತ್ತಾಳೆ. ಎಡಗೈ ಬೆರಳ ತುದಿಗಳು ಸುಟ್ಟು ಸುಟ್ಟು ಜಡ್ಡುಗಟ್ಟಿವೆ. ಈಚೆಗೆ ತಂತಿಯ ಮೇಲೆ ಬೆರಳಿಟ್ಟರೆ, ಇಟ್ಟಿದ್ದೇನೆಂದು ಕಣ್ಣು ಹೇಳಬೇಕು, ಬೆರಳು ಹೇಳುವುದಿಲ್ಲ. ಇನ್ನೊಂದು ದೀಪಾವಳಿ ಆರ್ಡರು ಮುಗಿಯುವಷ್ಟರಲ್ಲಿ ಕಿರುಬೆರಳೂ ಮರಗಟ್ಟುತ್ತದೆಂದು ಅವಳಿಗೆ ಗೊತ್ತಿತ್ತು. ಧರ್ಮಪುರಿಯ ಶಾಲೆಯೊಂದಕ್ಕೆ ಗಿಟಾರ್ ಬಾರಿಸಿ ಮಕ್ಕಳಿಗೆ ಹಾಡು ಕಲಿಸುವ ಟೀಚರು ಬೇಕಿತ್ತು. ಸ್ವಂತ ವಾದ್ಯ ತರಬೇಕು, ಇವತ್ತು ಹನ್ನೊಂದಕ್ಕೆ ಮಕ್ಕಳ ಜೊತೆ ಬಾರಿಸಿ ತೋರಿಸಬೇಕು. ಬೇರೆ ಗಿಟಾರು ಯಾರ ಹತ್ತಿರ ಕೇಳುವುದು? ಆ ಬೀದಿಯಲ್ಲಿ ಅಂಥದ್ದು ಇದ್ದದ್ದೇ ಇದೊಂದು.

"ನಾ ಓಯ್ತೀನಿ," ಅಂದಳು.

"ನಾನೂ ಬತ್ತೀನಿ ಇರು," ಅಂದ ಅಪ್ಪ. ಬೇಡ ಎನ್ನುವಷ್ಟು ಹೊತ್ತಿರಲಿಲ್ಲ.

ಧರ್ಮಪುರಿ ಬಸ್ಸಿನಲ್ಲಿ ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅವಳು ತಂತಿ ಸಡಿಲಿಸತೊಡಗಿದಳು. ಒಮ್ಮೆಗೇ ಬಿಟ್ಟರೂ ಮರಕ್ಕೆ ಏಟು. ಪ್ರತಿ ಬಿರಡೆಗೆ ಅಕ್ಕಿಕಾಳಷ್ಟು ತಿರುವು, ಮುಂದಿನದು, ಮುಂದಿನದು. ಜರಿ ಗಂಟಿನ ತಂತಿ ಕಿತ್ತು, ಚೀಲದಲ್ಲಿ ಇಟ್ಟುಕೊಂಡಿದ್ದ ಹೊಸದು ಹಾಕಿದಳು. ಓಮಲೂರು ದಾಟುವ ಹೊತ್ತಿಗೆ ಎದುರು ಸೀಟಿನ ಅಜ್ಜಿ ತಿರುಗಿ ಕೂತು, "ಏನವ್ವಾ, ಬರೀ ಕಿವಿ ಇಂಡ್ತಾ ಇದ್ದೀಯ, ಒಂದು ಪದ ಆಡು," ಅಂದಳು.

"ಆಡ್ತಾಳೆ, ಆಡ್ತಾಳೆ. ಸ್ಕೂಲ್ ಟೀಚರು," ಅಂದ ಅಪ್ಪ.

"ಇನ್ನೂ ಆಗಿಲ್ಲಪ್ಪಾ. ಸುಮ್ನಿರು."

"ಆಯ್ತೀಯ ಬುಡು."

ತೊಪ್ಪೂರು ಘಾಟಿನಲ್ಲಿ ಲಾರಿಯೊಂದು ಅಡ್ಡಬಿದ್ದು ವಾಹನಗಳ ಸಾಲು ನಿಂತಿತ್ತು. ಬಸ್ಸು ಎಂಜಿನ್ ಆರಿಸಿತು. ಜನ ಇಳಿದು ರಸ್ತೆ ಬದಿ ನಿಂತರು. ಕಲೈವಾಣಿ ಇಳಿಯಲಿಲ್ಲ. ಬಿಸಿಲಿಗೆ ಬಸ್ಸಿನ ತಗಡು ಕಾದು, ಅಂಟು ಇನ್ನೂ ಮೆತ್ತಗಾಗುತ್ತದೆಂದು ಅವಳು ದುಪಟ್ಟಾ ಬಿಚ್ಚಿ ಗಿಟಾರಿನ ಕತ್ತಿಗೆ ಮುಚ್ಚಿದಳು. ಈಗ ಏರಿಸಲೇಬೇಕು, ಅಲ್ಲಿ ಹೋಗಿ ಏರಿಸಲು ಸಮಯವಿರುವುದಿಲ್ಲ. ಫೋನಿನಲ್ಲಿ ಶ್ರುತಿ ತೋರಿಸುವ ಆ್ಯಪ್ ತೆರೆದರೆ, ಹಿಂದಿನ ಲಾರಿಗಳ ಹಾರ್ನಿಗೇ ಅದರ ಮುಳ್ಳು ಕುಣಿಯಿತು. ಫೋನ್ ಚೀಲಕ್ಕೆ ಹಾಕಿದಳು. ಮರಕ್ಕೆ ಕಿವಿಯಿಟ್ಟಳು.

ನಡುವಿನ ಎರಡು, ಒಂಚೂರು. ಪಕ್ಕದವು. ಅಂಚಿನವು. ಉಗುರಿನಿಂದ ಬಿರುಕು ಮುಟ್ಟಿ ನೋಡುವುದು. ಕಾಯುವುದು. ಮತ್ತೆ ಮೊದಲಿಂದ. ಪೂರ್ತಿ ಶ್ರುತಿಗೆ ಒಯ್ಯುವ ಆಸೆ ಬಿಟ್ಟಳು. ಎರಡು ಮೆಟ್ಟು, ಅಂದರೆ ಒಂದು ಸ್ವರದಷ್ಟು, ಕೆಳಗೆ ನಿಲ್ಲಿಸಿದರೂ ಹಾಡು ಹಾಡೇ. ಅಪ್ಪ ಪಕ್ಕದಲ್ಲಿ ಕೂತು ನೋಡುತ್ತಿದ್ದ. ಕೊನೆಗೆ ತಡೆಯಲಾರದೆ, "ಆ ದಪ್ಪದ್ದು ಇನ್ನೂ ತೊಳತೊಳ ಐತಲ್ಲ," ಎಂದು ಬೆರಳು ಚಾಚಿದ.

"ಮುಟ್ಟಬ್ಯಾಡ!"

ಬಸ್ಸಿನಲ್ಲಿ ಉಳಿದಿದ್ದವರೆಲ್ಲ ತಿರುಗಿದರು. ಅಪ್ಪ ಬೆರಳನ್ನು ಮಡಚಿ ತನ್ನ ಮಡಿಲಲ್ಲಿಟ್ಟುಕೊಂಡ. ಅವಳು ತಗ್ಗಿದ ದನಿಯಲ್ಲಿ, "ಇದು ಪಾವಲ್ಲಪ್ಪಾ. ಇದ್ರಲ್ಲಿ ಒಂದೊಂದಕ್ಕೆ ಒಂದೊಂದು ಬಿಗಿ," ಅಂದಳು.

"ನಂಗೇನು ತಿಳೀತೈತೆ," ಅಂದ ಅವನು, ಕಿಟಕಿಯ ಕಡೆ ತಿರುಗಿ.

ಶಾಲೆ ಮುಟ್ಟಿದಾಗ ಹೊತ್ತು ಮೀರಿತ್ತು. ಅಪ್ಪನನ್ನು ಗೇಟಿನ ಬೇವಿನ ಮರದ ಕೆಳಗೆ ಬಿಟ್ಟು ಅವಳು ಒಳಗೆ ಓಡಿದಳು. ಸಣ್ಣ ಹಾಲಿನಲ್ಲಿ ಮಕ್ಕಳು ಸಾಲಾಗಿ ಕೂತು ತೂಕಡಿಸುತ್ತಿದ್ದರು. ಪ್ರಿನ್ಸಿಪಾಲಮ್ಮ ಗಡಿಯಾರ ನೋಡಿ ಕುರ್ಚಿ ತೋರಿಸಿದರು. ಅವರ ಪಕ್ಕ ಹಾರ್ಮೋನಿಯಂ ಇಟ್ಟುಕೊಂಡು ಒಬ್ಬ ಮುದುಕ ಮೇಷ್ಟರು ಕೂತಿದ್ದರು.

ಕಲೈವಾಣಿ ತಂತಿ ಮೀಟಿದಳು. ಆಳದ, ತಂಪಾದ ದನಿ. ಬಿರುಕು ಹಾಗೇ ಇತ್ತು, ಕತ್ತು ತಡೆದುಕೊಂಡಿತ್ತು. ಒಂದು ಕ್ಷಣ ಅವಳಿಗೆ ನಗು ಬಂತು.

"ಚೆನ್ನಾಗಿದೆಯಮ್ಮಾ, ಆದರೆ ಕೆಳಗಿದೆ," ಅಂದರು ಮೇಷ್ಟರು ತಮಿಳಿನಲ್ಲಿ. "ಮಕ್ಕಳು ಪ್ರಾರ್ಥನೆ ಕಲಿತಿರೋದು ಈ ಹಾರ್ಮೋನಿಯಂ ಶ್ರುತಿಗೆ. ಮೇಲೆ ಬಾ."

ಅವಳು ಕತ್ತಿನ ಎರಡನೇ ಮೆಟ್ಟಿಗೆ ಶ್ರುತಿ ಏರಿಸುವ ಕ್ಲಿಪ್ಪು ಕಚ್ಚಿಸಿ ನೋಡಿದಳು. ಬಾಗಿದ ಕತ್ತಿನ ಮೇಲೆ ತಂತಿಗಳು ಎತ್ತರ ನಿಂತಿದ್ದರಿಂದ ಒಂದೊಂದೂ ಒಂದೊಂದು ಕಡೆ ಜಾರಿ ಅಪಸ್ವರವಾಯಿತು. ಮುಂದಿನ ಸಾಲಿನ ಹುಡುಗಿಯೊಂದು ಕಿಸಕ್ಕೆಂದಿತು. ಕ್ಲಿಪ್ಪು ತೆಗೆದಳು.

"ಸಾರ್, ಮಕ್ಕಳು ಒಂದ್ಸಲ ಕೆಳಗೆ ಹಾಡಿದರೆ..."

"ಟೀಚರಿಗೆ ಮಕ್ಕಳು ಹೊಂದಿಕೊಳ್ಳಬೇಕಾ?" ಅಂದರು ಪ್ರಿನ್ಸಿಪಾಲಮ್ಮ.

ಏರಿಸತೊಡಗಿದಳು. ನಡುವಿನ ಎರಡು, ಒಂಚೂರು. ಪಕ್ಕದವು, ಒಂಚೂರು. ಅಂಚಿನವು. ಉಗುರು ಬಿರುಕಿನ ಮೇಲೆ. ಹಾಲಿನಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬಿರಡೆಯ ಕಿರ್ ಕಿರ್. ಮತ್ತೆ ಮೊದಲಿಂದ. ಮಕ್ಕಳು ಒಬ್ಬರನ್ನೊಬ್ಬರು ಚಿವುಟಿಕೊಳ್ಳತೊಡಗಿದರು. ಇನ್ನು ಅರ್ಧ ಮೆಟ್ಟು. ಮೇಷ್ಟರು ಹಾರ್ಮೋನಿಯಂ ಮೇಲೆ ಬೆರಳು ತಟ್ಟುತ್ತಿದ್ದರು.

"ಎನ್ನಮ್ಮಾ, ಇನ್ನುಂ ಎವ್ವಳವು ನೇರಂ?" ಪ್ರಿನ್ಸಿಪಾಲಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. ಇನ್ನೂ ಎಷ್ಟು ಹೊತ್ತು ಎಂದು ಕೇಳುತ್ತಲೇ ಅವರು ಮೇಜಿನ ಮೇಲಿನ ಕನ್ನಡಕವನ್ನು ಡಬ್ಬಿಗೆ ಹಾಕಿಕೊಳ್ಳತೊಡಗಿದ್ದರು.

ಆ ಡಬ್ಬಿಯ ಮುಚ್ಚಳ ಮುಚ್ಚುವುದನ್ನು ಕಂಡು ಕಲೈವಾಣಿಗೆ ಪಟ್ಟರೆಯ ಬೆಂಕಿಯ ನಾಲಿಗೆ ಕಂಡಿತು. "ಆಯ್ತು ಮೇಡಂ, ಆಯ್ತು," ಎಂದಳು. ದಪ್ಪ ತಂತಿಯ ಬಿರಡೆಗೆ ಹೆಬ್ಬೆರಳು ಹಾಕಿ, ಕಾಯದೆ, ಉಗುರಿಟ್ಟು ನೋಡದೆ, ಬೇಕಾದಷ್ಟನ್ನೂ ಒಂದೇ ಎಳೆತಕ್ಕೆ ಎಳೆದಳು.

ಸೌದೆ ಮುರಿದ ಸದ್ದು. ಕತ್ತು ಬುಡದಿಂದ ಬಾಯಿ ತೆರೆದು ಮುಂದಕ್ಕೆ ಬಾಗಿತು. ಆರೂ ತಂತಿಗಳು ಒಟ್ಟಿಗೇ ಸಡಿಲಾಗಿ ಕೈಮೇಲೆ ಬಿದ್ದವು. ಮಕ್ಕಳು ಒಮ್ಮೆ ನಕ್ಕು, ಅವಳ ಮುಖ ನೋಡಿ, ಸುಮ್ಮನಾದರು.

"ತಿಳಿಸುತ್ತೇವಮ್ಮಾ," ಅಂದರು ಪ್ರಿನ್ಸಿಪಾಲಮ್ಮ. ನೀರು ಕುಡಿದು ಹೋಗು ಎಂದೂ ಅಂದರು.

ಬೇವಿನ ಕೆಳಗೆ ಅಪ್ಪ ಎದ್ದು ನಿಂತ. ಕೇಳಲು ಬಾಯಿ ತೆರೆದವನು ಚೀಲವನ್ನು ನೋಡಿದ. ಅದು ಹೆಗಲಿಗೆ ನೇತಾಡುತ್ತಿದ್ದ ರೀತಿಯೇ ಬೇರೆಯಾಗಿತ್ತು. ಹತ್ತಿರ ಬಂದು ಬಟ್ಟೆಯ ಮೇಲಿಂದಲೇ ಸವರಿದ. ಅವನ ಅಂಗೈ ಮುರಿದಲ್ಲಿ ನಿಂತಿತು.

"ನಾ ಕೈ ಇಕ್ಕಬಾರದಾಗಿತ್ತು," ಅಂದ.

"ನೀನಲ್ಲಪ್ಪಾ. ಒಳಗೆ ನಾನೇ ಎಳೆದೆ. ಅವಸರಪಟ್ಟು ಒಂದೇ ಸಲ ಎಳೆದ್ಬುಟ್ಟೆ."

"ಊಂ."

"ನಿಜಕ್ಕೂ. ಅಲ್ಲೀವರೆಗೂ ನಿಂತಿತ್ತು ಅದು. ನಿಂತ್ಕಂಡಿತ್ತು ಅಪ್ಪಾ!"

ಅವನು ತಲೆಯಾಡಿಸಿದ. ಅವಳ ಕೈಯಿಂದ ಚೀಲ ತೆಗೆದುಕೊಂಡ. "ಅಪ್ಪನ ಮನಸ್ಸು ನೋಯ್ತದೆ ಅಂತ ಏಳ್ತಾ ಇದ್ದೀಯ. ನಂಗೆ ತಿಳಿಯಲ್ವಾ? ನಿಂಗೆ ಎಲ್ಲಾ ತಿಳ್ದೈತೆ, ನೀ ಯಾಕೆ ಅಂಗೆ ಎಳೀತೀಯ."

ಅವಳು ಮತ್ತೊಮ್ಮೆ ಹೇಳಿದಳು. ಕನ್ನಡದಲ್ಲಿ ಹೇಳಿದಳು, ತಮಿಳಿನಲ್ಲಿ ಹೇಳಿದಳು, ರಸ್ತೆಯಲ್ಲಿ ನಿಂತು ಅವನ ತೋಳು ಹಿಡಿದು ಅಲುಗಾಡಿಸಿ ಹೇಳಿದಳು. ಅವನು ಸಣ್ಣ ಮಗುವಿಗೆ ಹೂಂಗುಡುವಂತೆ ಹೂಂಗುಟ್ಟಿದ.

ಸೇಲಂ ಬಸ್ಸಿನಲ್ಲಿ ಅವನು ಗಿಟಾರನ್ನು ಚೀಲದಿಂದ ತೆಗೆದು ಮಡಿಲಲ್ಲಿಟ್ಟುಕೊಂಡ. ಒಂದು ಕೈಯಲ್ಲಿ ಕತ್ತು, ಒಂದು ಕೈಯಲ್ಲಿ ಬುರುಡೆ, ಮುರಿದ ಅಂಚುಗಳನ್ನು ಕೂಡಿಸಿ ಒತ್ತಿ ಹಿಡಿದ. "ಇಂಗೇ ಇಡ್ಕಂಡಿದ್ರೆ ಜಾಸ್ತಿ ಸೀಳಾಕಿಲ್ಲ," ಅಂದ. ಇನ್ನು ಸೀಳಲು ಅದರಲ್ಲಿ ಏನೂ ಉಳಿದಿರಲಿಲ್ಲ. ಕಲೈವಾಣಿ ಫೋನ್ ತೆಗೆದು ಪಟ್ಟರೆಯ ನಂಬರ್ ಹುಡುಕಿದಳು. ರಿಂಗಾಗುತ್ತಿರುವಾಗ ಅಪ್ಪನ ಕೈ ನೋಡಿದಳು. ಒತ್ತಿ ಒತ್ತಿ ಬೆರಳ ಗೆಣ್ಣುಗಳು ಬಿಳಿಚಿಕೊಂಡಿದ್ದವು. ಬಿಟ್ಟುಬಿಡಪ್ಪಾ ಎಂದಳು. ಅವನು ಬಿಡಲಿಲ್ಲ.

"ಅಲೋ," ಅಂದಿತು ಫೋನು. ಅವಳು ನಾಳೆ ಬರುತ್ತೇನೆಂದಳು.