ಒಂದು ಚೋಟು ಎತ್ತರ

ಗೇರ್ ಆಯಿಲಿನ ಈ ನಾತ ಮೂಗಿಗಲ್ಲ, ನೇರ ನಾಲಿಗೆಗೇ ಅಂಟುತ್ತದೆ, ಬೆಳಿಗ್ಗೆ ಉಂಡ ಮುದ್ದೆಯಲ್ಲೂ ಇದೇ, ಹೋದ ಮಳೆಗಾಲದಿಂದ ಉಂಡದ್ದರಲ್ಲೆಲ್ಲ ಇದೇ, ಥೂ — ಕೃಷ್ಣ ಜೀಪಿನಡಿ ಅಂಗಾತ ಮಲಗಿ ಬೋಲ್ಟು ಬಿಗಿಯುತ್ತಿದ್ದ, ಇನ್ನೊಂದು ಸುತ್ತು, ಹ್ಞಾ, ಈ ಹುಣಸೂರಿನ ಗ್ಯಾರೇಜಿನ ಮುಂದೆ ಬಸ್ಸುಗಳು ಕೋಟೆ, ಕೋಟೆ ಅಂತ ನಮ್ಮ ಕಡೆಯ ಊರಿನ ಹೆಸರು ಕೂಗಿಕೊಂಡು ಹೋಗುತ್ತಿವೆ, ಹತ್ತಿ ಹೊರಟುಬಿಟ್ಟರೆ ಮಧ್ಯಾಹ್ನಕ್ಕೆ ಕಾಡಂಚಿನ ನಮ್ಮ ಹಾಡಿ, ಹೆಂಡತಿ ಸವಿತಾ ಗುಡಿಸಲ ಬಾಗಿಲಲ್ಲಿ ಕೂತಿರುತ್ತಾಳೆ, ಎಂಟು ತಿಂಗಳ ಹೊಟ್ಟೆ, ಎರಡನೆಯ ಹೊಟ್ಟೆ, ಮೊದಲನೆಯದರ ಮಾತು ಇಬ್ಬರೂ ಎತ್ತುವುದಿಲ್ಲ. ಮೇಲಿನಿಂದ ಮೇಸ್ತ್ರಿ ಶಶಿಕುಮಾರ್ ಪಾಠ ಒಪ್ಪಿಸುತ್ತಿದ್ದಾನೆ, ಮಾಮೂಲಿ ಜೀಪಲ್ಲಿ ಅಚ್ಚು ಚಕ್ರದ ನಟ್ಟನಡೂಕೆ ಕೂರ್ತದೆ ಕಣ್ಲಾ, ಇದು ಪೋರ್ಟಲ್ ಆಕ್ಸಲ್, ಒಂದೊಂದು ಚಕ್ರಕ್ಕೂ ಒಂದೊಂದು ಗೇರ್ ಡಬ್ಬ, ಚಕ್ರ ಕೆಳಗೆ ಉಳೀತದೆ, ಅಚ್ಚು ಮೇಲೆ ಎದ್ದೋಯ್ತದೆ, ಎಂಥ ದಿಬ್ಬ ಬಂದ್ರೂ ಒಟ್ಟೆ ತಗಲಲ್ಲ — ತಗಲಲ್ಲವಂತೆ, ಈಗ ತಗಲಲ್ಲವಂತೆ.

ಜೀಪಿನ ಯಜಮಾನ ತೇಜಸ್, ಹಾರನಹಳ್ಳಿ ಕಡೆಯ ಹೊಗೆಸೊಪ್ಪಿನ ಮನೆಯವನು, ಬಗ್ಗಿ ನೋಡಿ ಅಚ್ಚಿನಡಿ ಹೆಬ್ಬೆರಳು ತೋರುಬೆರಳು ಚಾಚಿದ, ನೋಡ್ಲಾ ಕೃಷ್ಣ, ಒಂದು ಚೋಟು ಎದ್ದದೆ. ಒಂದು ಚೋಟು. ಹೋದ ಮಳೆಗಾಲ ಅವತ್ತು ಕಮ್ಮಿ ಬಿದ್ದದ್ದೂ ಅಷ್ಟೇ ಅಲ್ಲವೇ ಯಜಮಾನ್ರೇ, ಇದೇ ಜೀಪು, ಹಾಡಿಯಿಂದ ಹೊಗೆಸೊಪ್ಪು ಮುರಿಯುವ ಆಳುಗಳನ್ನು ತುಂಬಿಕೊಂಡು ನಾನೇ ಓಡಿಸಿಕೊಂಡು ಬರುತ್ತಿದ್ದ ಜೀಪು, ಸೊಪ್ಪು ಬೇಯಿಸುವ ನಿಮ್ಮ ಬ್ಯಾರನ್ನಿಗೆ ಸೌದೆ ಹೊತ್ತು ಹೊತ್ತು ನಿಮ್ಮದೇ ಟ್ರ್ಯಾಕ್ಟರುಗಳು ದಾರಿಯ ಎರಡೂ ಬದಿ ಕೊರೆದು ನಡುವೆ ದಿಬ್ಬ ಎಬ್ಬಿಸಿದ್ದವು, ನಾನು ಹೇಳಿರಲಿಲ್ಲವೇ, ಅಣ್ಣಾ ಅಚ್ಚು ತಗಲ್ತಾ ಅದೆ, ಏನಾರ ಮಾಡ್ಸಿ ಅಂತ, ಸ್ಪ್ರಿಂಗಿಗೆ ಎರಡು ಪಟ್ಟಿ ಜಾಸ್ತಿ ಹಾಕ್ಸು ಬುಡು ಅಂದಿರಿ, ಪಟ್ಟಿ ಹಾಕಿದರೆ ಮೈ ಏಳುತ್ತದೆ, ಅಚ್ಚು ಎಲ್ಲಿತ್ತೋ ಅಲ್ಲೇ, ಅದು ಗೊತ್ತಿದ್ದೂ ಹಾಕಿಸಿದೆ, ಆಸ್ಪತ್ರೆಗೆ ಹೊರಟಿದ್ದೆವು, ಹಿಂದಿನ ಸೀಟಿನಲ್ಲಿ ಸವಿತಾ ಹೆರಿಗೆ ನೋವಿಗೆ ಹಲ್ಲು ಕಚ್ಚಿಕೊಂಡು ಕಂಬಿ ಹಿಡಿದಿದ್ದಳು, ಅಚ್ಚಿನ ನಡುವಿನ ಗೇರಿನ ಗುಂಡು ದಿಬ್ಬದ ಮೇಲೆ ದಪ್ ಎಂದು ಕೂತಿತು, ಆಕ್ಸಿಲರೇಟರ್ ಒತ್ತಿದಷ್ಟೂ ಚಕ್ರ ಗಾಳಿಯಲ್ಲಿ, ನಾಲ್ಕೂ ಗಾಳಿಯಲ್ಲಿ, ಮಚ್ಚಿನಿಂದ ಕೆತ್ತಿದೆ, ಕೈಯಿಂದ ಬಗೆದೆ, ಗಾಡಿ ಯಾಕೆ ನಿಂತೋಯ್ತು ಎಂದು ಅವಳು ಕೇಳಿದ್ದು ಒಂದೇ ಸಲ, ಆಮೇಲೆ ಕೇಳಲಿಲ್ಲ, ಕೂಸು ಸೀಟಿನ ಮೇಲೇ ಬಂತು, ಅಳಲಿಲ್ಲ. ತೇಜಸ್ ಮಾರನೇ ದಿನ ಬಂದು ಪಾಪ ಎಂದ, ಸೀಟಿನ ಕವರ್ ಬದಲಿಸಿದ.

ಈಗ ಎತ್ತರ ಬಂದಿದೆ, ಕೆ.ಆರ್. ನಗರದ ಹೊಳೆದಂಡೆಯಲ್ಲಿ ಜೀಪುಗಳ ಕೆಸರಿನ ಪಂದ್ಯವಂತೆ, ಕಪ್ಪು ಕನ್ನಡಕದ ಹುಡುಗರು ಗದ್ದೆ ಉತ್ತು ನೀರು ಬಿಟ್ಟು ಬೇಕೆಂದೇ ಗುಂಡಿ ತೋಡುತ್ತಾರೆ, ಅಯ್ಯೋ ನಿಮ್ಮ, ಗುಂಡಿಯೇ ಬೇಕಿದ್ದರೆ ನಮ್ಮ ದಾರಿಗೆ ಬನ್ನಿ, ತೋಡುವ ಶ್ರಮವೂ ಇಲ್ಲ. ಈಗಲೇ ಕೇಳಿಬಿಡಬೇಕು, ಇಲ್ಲದಿದ್ದರೆ ಎಂದೂ ಕೇಳಲಾರೆ, ಕೃಷ್ಣ ಜೀಪಿನಡಿಯಿಂದ ಜಾರಿ ಹೊರಗೆ ಬಂದ, ಕೈ ಒರೆಸಿಕೊಂಡ, ಅಣ್ಣಾ, ಸವಿತಂಗೆ ಎಂಟು ತುಂಬ್ತು, ಹೆರಿಗೆ ಆಗೋಗಂಟ ಗಾಡಿ ನಮ್ಮ ಹಾಡೀಲೇ ಇರ್ಲಿ. ತೇಜಸ್ ಫೋನಿನಿಂದ ಕಣ್ಣೆತ್ತಿದ, ಸಿಟ್ಟೇನೂ ಇರಲಿಲ್ಲ ಅವನ ಮುಖದಲ್ಲಿ, ಅದೇ ಹೊಟ್ಟೆ ಉರಿಸುವುದು, ಆಂಬುಲೆನ್ಸ್ ಬರಕಿಲ್ವೇನ್ಲಾ, ಇದು ಪಂದ್ಯದ ಗಾಡಿ ಕಣೋ, ಇನ್ಮೇಲೆ ಇದ್ನ ಲಾರಿ ಮೇಲೆ ಏರ್ಸ್ಕಂಡೇ ಓಗೋದು, ಹಾಡಿ ಗೀಡಿಗೆಲ್ಲ ಬುಡಾಕಾಯ್ತದಾ. ಆಂಬುಲೆನ್ಸ್ ಟಾರು ಮುಗಿಯುವಲ್ಲಿ ನಿಂತು ಹಾರ್ನ್ ಹೊಡೆಯುತ್ತದೆ ಎಂಬುದು ಅವನಿಗೆ ಗೊತ್ತಿಲ್ಲವೇ, ಗೊತ್ತು. ಕೃಷ್ಣ ಹ್ಞೂ ಅಂದ.

ಹತ್ತಿ ಸ್ಟಾರ್ಟ್ ಮಾಡ್ಲಾ, ನೋಡಾನ, ಅಂದ ಶಶಿಕುಮಾರ್, ಜೀಪು ಇನ್ನೂ ಸ್ಟ್ಯಾಂಡುಗಳ ಮೇಲೇ ಇತ್ತು, ಕೃಷ್ಣ ಹತ್ತಿ ಕೂತ, ಫಸ್ಟ್ ಗೇರ್ ಹಾಕಿದ, ಕ್ಲಚ್ ಬಿಟ್ಟ, ತೇಜಸ್ ಹೊಟ್ಟೆ ಹಿಡಿದು ನಕ್ಕ, ಲೇ ಶಶಿ, ಚಕ್ರ ಇಂದಕ್ ತಿರುಗ್ತಾವಲ್ಲೋ. ಶಶಿಕುಮಾರ್ ತಲೆ ಚಚ್ಚಿಕೊಂಡ, ಡಬ್ಬದ ಒಳಗೆ ಒಂದು ಗೇರು ಇನ್ನೊಂದನ್ನು ಉಲ್ಟಾ ತಿರುಗಿಸುತ್ತದೆ, ಅದಕ್ಕೇ ಅಚ್ಚಿನ ಗುಂಡನ್ನು ತಲೆಕೆಳಗೆ ಮಾಡಿ ಕೂರಿಸಬೇಕಿತ್ತು, ಮರೆತ, ಮತ್ತೆ ಬಿಚ್ಚಬೇಕು, ಆಫ್ ಮಾಡ್ಲಾ. ಕೃಷ್ಣ ಆಫ್ ಮಾಡಲಿಲ್ಲ. ಹಿಂದಕ್ಕೇ ಹೋಗಲಿ, ಹಿಂದಕ್ಕೇ ಓಡು, ಕಾಲು ಒತ್ತಿದ, ಹುಣಸೂರು ದಾಟಿ ಕೋಟೆ ದಾಟಿ ಟಾರು ಮುಗಿದು ಮಣ್ಣಿನ ದಾರಿ, ಹೋದ ಮಳೆಗಾಲ, ಸವಿತಾ ಇನ್ನೂ ಗಾಡಿ ಹತ್ತಿಲ್ಲ, ಕೂಸು ಇನ್ನೂ ಒಳಗೆ ಒದೆಯುತ್ತಿದೆ, ಅಲ್ಲಿಗೆ, ಇನ್ನೂ ಸ್ವಲ್ಪ — ಎಂಜಿನ್ ಅರಚಿತು, ಜೀಪು ಕದಲಲಿಲ್ಲ, ಆಫ್ ಮಾಡು ಅಂದ್ನಲ್ಲ, ಯಾರದೋ ದನಿ, ಅವನು ಹೊರಗೆ ಬಗ್ಗಿ ನೋಡಿದ, ಚಕ್ರ ಗಾಳಿಯಲ್ಲಿತ್ತು, ನಾಲ್ಕೂ ಗಾಳಿಯಲ್ಲಿ, ನೆಲಕ್ಕೂ ಅದಕ್ಕೂ ನಡುವೆ ಒಂದು ಚೋಟು, ತಿರುಗುತ್ತಿತ್ತು, ಗಾಡಿ ಯಾಕೆ ನಿಂತೋಯ್ತು, ತಿರುಗುತ್ತಿತ್ತು, ಗಾಳಿಯಲ್ಲಿ, ಚಕ್ರ